ಕೆಲಸವಿಲ್ಲದೆ ಗುಡ್ಡ ಏರಿದ ದಿನ

ನಮ್ಮ ಜತ್ತ ತಾಲೂಕಿನಲ್ಲಿ ಗುಡ್ಡಗಳಿಗೆ ಕೊರತೆಯಿಲ್ಲ. ಗುಡ್ಡದ ಮೇಲಿನ ಗಿಡಗಳಿಗೆ ಮಾತ್ರ ಕೊರತೆ. ಮನೆಯಿಂದ ಹೊರಬಿದ್ದರೆ ಯಾವುದಾದರೊಂದು ಮರಡಿ ಕಣ್ಣಿಗೆ ಬಿದ್ದೇ ಬೀಳುತ್ತದೆ. ದಿನವೂ ಕಾಣುವ ವಸ್ತುವನ್ನು ಯಾರೂ ನೋಡುವುದಿಲ್ಲ ಎಂಬ ಮಾತು ನಮ್ಮ ಮಟ್ಟಿಗೆ ನಿಜ. ಆ ಮಾತು ಸುಳ್ಳಾದ ಒಂದು ದಿನದ ಕಥೆಯನ್ನು ಇಲ್ಲಿ ಹೇಳಬೇಕೆಂದಿದ್ದೇವೆ.

ಹೋದ ವರ್ಷ ಒಂಬತ್ತನೆಯ ಇಯತ್ತೆಯ ಕನ್ನಡದ ತಾಸಿನಲ್ಲಿ ಬೆಟ್ಟದ ಚೆಲುವನ್ನು ಬಣ್ಣಿಸುವ ಪದ್ಯವೊಂದನ್ನು ಕಲಿಸುತ್ತಿದ್ದೆವು. ಪದ್ಯದ ಅರ್ಥ ಮಕ್ಕಳ ಮನಸ್ಸಿಗೆ ಹತ್ತಲೆಂದು, "ನಿಮ್ಮಲ್ಲಿ ಯಾರು ಯಾರು ಗುಡ್ಡ ಏರಿದ್ದೀರಿ?" ಎಂದು ಕೇಳಿದೆವು. ಎಲ್ಲರ ಕೈಗಳೂ ಮೇಲೆದ್ದವು. "ಯಾತಕ್ಕಾಗಿ ಏರಿದಿರಿ?" ಎಂದರೆ ಉತ್ತರಗಳ ಸುರಿಮಳೆಯೇ ಆಯಿತು. ಒಬ್ಬ ಕುರಿ ಮೇಯಿಸಲು ಏರಿದ್ದ. ಒಬ್ಬ ತಪ್ಪಿಸಿಕೊಂಡ ಹೋರಿಯನ್ನು ಹುಡುಕಲು ಏರಿದ್ದ. ಹುಡುಗಿಯರು ಉರುವಲು ತರಲು ಹೋಗಿದ್ದರು. 2020ರಲ್ಲಿ ಕೊರೊನಾ ಬಂದು ಶಾಲೆಗಳು ಮುಚ್ಚಿದಾಗ ಮೊಬೈಲಿಗೆ ರೇಂಜ್ ಸಿಗಲೆಂದು ಅಣ್ಣಂದಿರ ಜೊತೆ ಏರಿ ಕುಳಿತವರೂ ಇದ್ದರು. "ಸುಮ್ಮನೆ, ಸಂತೋಷಕ್ಕಾಗಿ ಏರಿದವರು ಯಾರು?" ಎಂದೆವು. ತರಗತಿಯೆಲ್ಲ ನಕ್ಕುಬಿಟ್ಟಿತು. ಹಿಂದಿನ ಬೆಂಚಿನಲ್ಲಿ ಕೂಡುವ ಕುರಿಗಾರರ ಹುಡುಗನೊಬ್ಬ ಎದ್ದುನಿಂತು, "ಕೆಲಸಿಲ್ಲದ ಗುಡ್ಡ ಯಾಕ ಏರೂದ್ರಿ ಸರ್?" ಎಂದು ಕೇಳಿದ.

ಪ್ರಶ್ನೆ ಸರಳವಾಗಿತ್ತು. ನಮ್ಮ ಬಳಿ ಉತ್ತರವಿರಲಿಲ್ಲ. ತಾಸಿನ ಗಂಟೆ ಬಾರಿಸಿ ನಮ್ಮ ಮಾನ ಉಳಿಸಿತು.

ಮನೆಗೆ ಬಂದ ಮೇಲೂ ಆ ಪ್ರಶ್ನೆ ಬೆನ್ನು ಬಿಡಲಿಲ್ಲ. ಹಿಂದೆ ತರಬೇತಿಯ ನಿಮಿತ್ತ ಕೆಲವು ಕಾಲ ಮೈಸೂರಿನಲ್ಲಿದ್ದಾಗ ಕಂಡ ನೋಟ ನೆನಪಾಯಿತು. ಅಲ್ಲಿ ಊರಿಗೆ ಅಂಟಿಕೊಂಡೇ ಚಾಮುಂಡಿ ಬೆಟ್ಟವಿದೆ. ಬೆಟ್ಟದ ಕಾಡು ಸರಕಾರದ ಮೀಸಲು ಅರಣ್ಯ. ಬುಡದಿಂದ ತುದಿಯವರೆಗೆ ಸಾವಿರ ಮೆಟ್ಟಿಲುಗಳು. ನಡುದಾರಿಯಲ್ಲಿ 17ನೆಯ ಶತಮಾನದ ದೊಡ್ಡ ದೇವರಾಜ ಒಡೆಯರ ಕಾಲದ ಏಕಶಿಲೆಯ ನಂದಿ. ಇನ್ನೂ ಮಬ್ಬುಗತ್ತಲೆ ಇರುವಾಗಲೇ ಮುದುಕರು, ಗೃಹಿಣಿಯರು, ಕಾಲೇಜಿನ ಹುಡುಗರು ಆ ಮೆಟ್ಟಿಲುಗಳನ್ನು ಏರುತ್ತಿದ್ದರು. ಅವರಲ್ಲಿ ದೇವಿಯ ದರ್ಶನಕ್ಕೆ ಹೋಗುವವರು ಕೆಲವರು. ಏರುವುದಕ್ಕಾಗಿಯೇ ಏರಿ, ಬೆವರು ಒರೆಸಿಕೊಂಡು, ಕೆಳಗೆ ಹರಡಿದ ಊರನ್ನೊಮ್ಮೆ ನೋಡಿ ಇಳಿದುಬಿಡುವವರು ಹಲವರು. ಇನ್ನು ಮುಂಬಯಿಯಲ್ಲಂತೂ ಮಹಾನಗರದ ನಡುವೆಯೇ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅದರ ವಿಸ್ತಾರ ನೂರು ಚದರ ಕಿಲೋಮೀಟರಿಗೂ ಹೆಚ್ಚು. ಒಳಗೆ ಕಾನ್ಹೇರಿಯ ಬೌದ್ಧ ಗುಹೆಗಳಿವೆ, ನಗರಕ್ಕೆ ನೀರು ಕೊಡುವ ವಿಹಾರ ಮತ್ತು ತುಳಸಿ ಕೆರೆಗಳಿವೆ, ಚಿರತೆಗಳೂ ಇವೆ. ಆರು ದಿನ ಲೋಕಲ್ ಗಾಡಿಯಲ್ಲಿ ಜೋತಾಡಿದ ಮನುಷ್ಯ ರವಿವಾರ ಅಲ್ಲಿಗೆ ಹೋಗಿ ಗಿಡದ ನೆರಳಿನಲ್ಲಿ ನಡೆದು ಬರುತ್ತಾನೆ. ಊರು ಬೆಳೆದಷ್ಟೂ ಊರಿನವರಿಗೆ ಕಾಡು ಬೇಕಾಗುತ್ತದೆ.

ಹಾಗಾದರೆ ಕೆಲಸವಿಲ್ಲದೆ ಗುಡ್ಡ ಏರುವ ಸುಖ ಪೇಟೆಯವರಿಗೆ ಮಾತ್ರ ಮೀಸಲೇ? ಹಳ್ಳಿಯ ಮಕ್ಕಳಿಗೆ ಅದರಲ್ಲಿ ಪಾಲಿಲ್ಲವೇ? ಹೀಗೆ ಯೋಚಿಸಿ, ಆ ವರ್ಷದ ಶೈಕ್ಷಣಿಕ ಸಹಲನ್ನು ನಮ್ಮ ಜಿಲ್ಲೆಯದೇ ಆದ ಸಾಗರೇಶ್ವರ ಅಭಯಾರಣ್ಯಕ್ಕೆ ಒಯ್ಯಬೇಕೆಂದು ಮುಖ್ಯಾಧ್ಯಾಪಕರಲ್ಲಿ ವಿನಂತಿಸಿದೆವು.

ಪಾಲಕರ ಸಭೆಯಲ್ಲಿ ಈ ಮಾತು ಬಂದಾಗ ಒಬ್ಬ ಹಿರಿಯರು ಪಟಕಾ ಸರಿಮಾಡಿಕೊಂಡು, "ಗುಡ್ಡ ತೋರಸಾಕ ಬಸ್ ಮಾಡಿ ಒಯ್ಯತೀರೇನ್ರಿ ಮಾಸ್ತರ? ನಮ್ಮೂರಾಗ ಗುಡ್ಡಕ್ಕೇನ ಬರಗಾಲ ಐತೇನು? ಕೊಲ್ಲಾಪುರಕ್ಕ ಒಯ್ಯರಿ, ಪನ್ಹಾಳಕ್ಕ ಒಯ್ಯರಿ" ಎಂದರು. ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಮುಖ್ಯಾಧ್ಯಾಪಕರು ಒಪ್ಪಿಗೆ ಕೊಟ್ಟಿದ್ದರು. ಜನವರಿಯ ಒಂದು ಶನಿವಾರ ಬೆಳಗಿನ ಐದು ಗಂಟೆಗೆ, ಸಜ್ಜೆಯ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿಗಳ ಬುತ್ತಿ ಕಟ್ಟಿಕೊಂಡು, ಎಸ್.ಟಿ. ಬಸ್ಸಿನಲ್ಲಿ ಹೊರಟೆವು.

ಕವಠೆಮಹಾಂಕಾಳ ದಾಟುವಾಗ ಬೆಳಕಾಯಿತು. ಮಿರಜ ಸಮೀಪಿಸುವ ಮುಂಚೆ ದಂಡೋಬಾ ಗುಡ್ಡ ಕಾಣಿಸಿತು. ಮಿರಜದ ದವಾಖಾನೆಗಳಿಗೆ ಅಜ್ಜ ಅಜ್ಜಿಯರನ್ನು ಕರೆದುಕೊಂಡು ಹೋಗುವಾಗ ನಮ್ಮ ಮಕ್ಕಳು ಎಷ್ಟೋ ಸಲ ನೋಡಿದ ಗುಡ್ಡ ಅದು. ಸಾಂಗ್ಲಿ ದಾಟಿದ ಮೇಲೆ ಭೂಮಿಯ ಬಣ್ಣವೇ ಬದಲಾಯಿತು. ಎರಡೂ ಬದಿಗೆ ಕಬ್ಬು, ದ್ರಾಕ್ಷಿ, ಮತ್ತೆ ಕಬ್ಬು. ಒಂದೇ ಜಿಲ್ಲೆ, ಆದರೆ ಪೂರ್ವಕ್ಕೆ ನಾವು ಮಳೆಯ ನೆರಳಿನಲ್ಲಿ ಕುಳಿತವರು, ಪಶ್ಚಿಮಕ್ಕೆ ಇವರು ಕೃಷ್ಣೆಯ ದಂಡೆಯಲ್ಲಿ ಕುಳಿತವರು. ಮಕ್ಕಳು ಗಲಾಟೆ ನಿಲ್ಲಿಸಿ ಕಿಟಕಿಯ ಹೊರಗೆ ನೋಡತೊಡಗಿದರು. ಎದುರಿನಿಂದ ಕಬ್ಬು ತುಂಬಿದ ಟ್ರಾಕ್ಟರುಗಳು, ಎತ್ತಿನ ಗಾಡಿಗಳು ಬರುತ್ತಿದ್ದವು. ಒಬ್ಬ ಹುಡುಗಿ ಮಾತ್ರ ಪ್ರತಿಯೊಂದು ಗಾಡಿಯನ್ನೂ ತಿರುಗಿ ತಿರುಗಿ ನೋಡುತ್ತಿದ್ದಳು. ಆಗ ನಮಗೆ ಅದರ ಕಾರಣ ಹೊಳೆಯಲಿಲ್ಲ.

ದಾರಿಯಲ್ಲಿ ಕಿರ್ಲೋಸ್ಕರವಾಡಿ ಬಂತು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು 1910ರಲ್ಲಿ ಬೆಳಗಾವಿಯನ್ನು ಬಿಟ್ಟು, ಔಂಧ ಸಂಸ್ಥಾನದ ಅರಸರು ಕೊಟ್ಟ ಬರಡು ನೆಲದಲ್ಲಿ ಕಬ್ಬಿಣದ ನೇಗಿಲಿನ ಕಾರಖಾನೆಯನ್ನೂ ಒಂದು ಊರನ್ನೂ ಕಟ್ಟಿದ ಕಥೆಯನ್ನು ಮಕ್ಕಳಿಗೆ ಹೇಳಿದೆವು. "ಬರಡು ನೆಲ ಎಂದರೆ ನಮ್ಮದರ ಹಾಗೇನ್ರಿ ಸರ್?" ಎಂದೊಬ್ಬ ಕೇಳಿದ. "ಹೌದು, ನಮ್ಮದರ ಹಾಗೇ" ಎಂದೆವು.

ಸಾಗರೇಶ್ವರದ ಬುಡಕ್ಕೆ ದೇವರಾಷ್ಟ್ರೆ ಎಂಬ ಊರಿದೆ. ಮಹಾರಾಷ್ಟ್ರದ ಮೊದಲ ಮುಖ್ಯಮಂತ್ರಿ ಯಶವಂತರಾವ ಚವ್ಹಾಣರು 1913ರಲ್ಲಿ ಹುಟ್ಟಿದ ಊರು ಅದು. ಸಮೀಪದಲ್ಲಿಯೇ ಸಾಗರೇಶ್ವರನ ಹಳೆಯ ಗುಡಿ, ಅದರ ಸುತ್ತ ಮಕ್ಕಳು ತಾಯಿಯನ್ನು ಸುತ್ತುವರಿದಂತೆ ಚಿಕ್ಕ ಚಿಕ್ಕ ಶಿವಾಲಯಗಳು. ದೇವರಿಗೆ ಕೈಮುಗಿದು, ಅಭಯಾರಣ್ಯದ ಬಾಗಿಲಲ್ಲಿ ಟಿಕೇಟು ಪಡೆದು ಒಳಗೆ ಹೋದೆವು.

ನಮ್ಮ ಜೊತೆ ಬಂದ ವನರಕ್ಷಕರು ವಯಸ್ಸಾದವರು, ಮಿತಭಾಷಿ. ಅವರು ಮರಾಠಿಯಲ್ಲಿ ಹೇಳಿದ್ದನ್ನು ನಾವು ಅಗತ್ಯವಿದ್ದಲ್ಲಿ ಕನ್ನಡದಲ್ಲಿ ಹೇಳುತ್ತ ನಡೆದೆವು. ಈ ಅಭಯಾರಣ್ಯದ ವಿಸ್ತಾರ ಸುಮಾರು 10.87 ಚದರ ಕಿಲೋಮೀಟರು. ಇದಕ್ಕೆ ಅಭಯಾರಣ್ಯದ ಸ್ಥಾನ ಸಿಕ್ಕಿದ್ದು 1985ರಲ್ಲಿ. ಇದರ ವಿಶೇಷವೆಂದರೆ ಇದು ಮನುಷ್ಯರು ಬೆಳೆಸಿದ ಕಾಡು. ಒಂದು ಕಾಲಕ್ಕೆ ಈ ಗುಡ್ಡಗಳು ಬೋಳಾಗಿದ್ದವು. ವೃಕ್ಷಮಿತ್ರ ಧೋಂ. ಮ. ಮೋಹಿತೆಯವರು ಮುಂದಾಳಾಗಿ, ಊರವರೂ ಅರಣ್ಯ ಖಾತೆಯವರೂ ಕೈಗೂಡಿಸಿ, ಗಿಡ ನೆಟ್ಟರು. ಸುತ್ತ ಬೇಲಿ ಹಾಕಿದರು. ಹೊರಗಿನಿಂದ ಚುಕ್ಕೆ ಜಿಂಕೆ, ಕಡವೆಗಳನ್ನು ತಂದು ಬಿಟ್ಟರು. ಬೇಸಿಗೆಯಲ್ಲಿ ಪ್ರಾಣಿಗಳು ಕುಡಿಯಲೆಂದು ನೀರಿನ ಹೊಂಡಗಳನ್ನೂ ಮನುಷ್ಯರೇ ಮಾಡಿದ್ದಾರೆ.

ಇದನ್ನು ಕೇಳಿ ಮಕ್ಕಳ ಕಣ್ಣು ಅರಳಿದವು. ಕಾಡು ಎಂದರೆ ದೇವರು ಮಾಡಿದ್ದು ಎಂದೇ ಅವರು ತಿಳಿದಿದ್ದರು. ಆದರೆ ಕುರಿಗಾರರ ಹುಡುಗನ ಮುಖ ಗಂಭೀರವಾಯಿತು. "ಸರ್, ಬೇಲಿ ಹಾಕೂಕಿಂತ ಮೊದಲ ಇಲ್ಲಿ ಕುರಿ ಮೇಸವರು ಇದ್ದಿರಬೇಕಲ್ರಿ? ಅವರು ಎಲ್ಲಿ ಹ್ವಾದರು?" ಎಂದ.

ನಾವು ಆ ಪ್ರಶ್ನೆಯನ್ನು ಮರಾಠಿಯಲ್ಲಿ ಹೇಳಲು ಹಿಂಜರಿದೆವು. ಅತಿಥಿಗಳಾಗಿ ಬಂದವರು ಇಂಥ ಮಾತು ಆಡಬಹುದೇ ಎಂಬ ಸಂಕೋಚ. ಹುಡುಗ ತಾನೇ ತನ್ನ ಮುರುಕು ಮರಾಠಿಯಲ್ಲಿ ಕೇಳಿಬಿಟ್ಟ. ವನರಕ್ಷಕರು ಸಿಟ್ಟಾಗಲಿಲ್ಲ. ಒಂದು ಬೇವಿನ ಗಿಡಕ್ಕೆ ಕೈಯೂರಿ ನಿಂತು ಹೇಳಿದರು: "ಒಳ್ಳೆಯ ಪ್ರಶ್ನೆ. ನನ್ನ ತಂದೆಯೇ ಇಲ್ಲಿ ದನ ಮೇಯಿಸಿದವನು. ಬೇಲಿ ಬಂದಾಗ ಬೈದ. ಗಿಡ ಬಂದಾಗ ಸುಮ್ಮನಾದ. ಎಲ್ಲರೂ ಸುಮ್ಮನಾಗಲಿಲ್ಲ. ಈಗಲೂ ಜಿಂಕೆಗಳು ಬೇಲಿ ದಾಟಿ ಹೊಲಕ್ಕಿಳಿದರೆ ರೈತರು ನಮ್ಮನ್ನೇ ಬೈಯುತ್ತಾರೆ. ಅವರದೂ ತಪ್ಪಲ್ಲ. ಕಾಡು ಬೆಳೆಸುವುದೆಂದರೆ ಯಾರೋ ಒಬ್ಬರು ಏನನ್ನೋ ಬಿಟ್ಟುಕೊಡುವುದು."

ವಿದ್ಯಾರ್ಥಿ ಮಿತ್ರರೆ, ನಮ್ಮ ಹಿರಿಯರಿಗೆ 1972 ಎಂದರೆ ಬರಗಾಲದ ವರ್ಷ. ಗುಡ್ಡದಲ್ಲಿ ಕಲ್ಲು ಒಡೆದು ಹೊಟ್ಟೆ ಹೊರೆದ ವರ್ಷ. ಅದೇ 1972ರಲ್ಲಿ ನಮ್ಮ ದೇಶದ ವನ್ಯಜೀವಿ ಸಂರಕ್ಷಣಾ ಕಾಯ್ದೆಯೂ ಬಂತು. ಒಂದು ಕಡೆ ಹಸಿದ ಮನುಷ್ಯ, ಇನ್ನೊಂದು ಕಡೆ ಅಳಿಯುತ್ತಿರುವ ಕಾಡು. ಇಬ್ಬರ ಹಸಿವೂ ನಿಜ. ಪುಸ್ತಕದಲ್ಲಿ 'ಅರಣ್ಯ ರಕ್ಷಣೆ ನಮ್ಮೆಲ್ಲರ ಕರ್ತವ್ಯ' ಎಂದು ಒಂದೇ ಸಾಲಿನಲ್ಲಿ ಬರೆಸಿ ಹತ್ತರಲ್ಲಿ ಎಂಟು ಗುಣ ಕೊಡುವ ನಮಗೆ, ಆ ಒಂದು ಸಾಲಿನ ಭಾರವೆಷ್ಟು ಎಂಬುದು ಅಂದು ಒಬ್ಬ ಹುಡುಗನಿಂದ ತಿಳಿಯಿತು.

ಮುಂದಿನ ದಾರಿಯಲ್ಲಿ ಅದೇ ಹುಡುಗ ನಮ್ಮ ಗುರುವಾದ. ಮಕ್ಕಳ ಗದ್ದಲಕ್ಕೆ ಪ್ರಾಣಿಗಳೆಲ್ಲ ಓಡಿಹೋಗಿದ್ದವು. ಅವನು ಮಾತ್ರ ನೆಲ ನೋಡುತ್ತ ನಡೆಯುತ್ತಿದ್ದ. ಒಂದು ಕಡೆ ಕುಳಿತು ಹಿಕ್ಕೆಗಳನ್ನು ಕಡ್ಡಿಯಿಂದ ಹೊರಳಿಸಿ, "ಇದು ಆಡಿಂದಲ್ರಿ, ಕುರೀದೂ ಅಲ್ಲ. ಇನ್ನ ಹಸಿ ಐತಿ. ಈಗಷ್ಟ ಹ್ವಾದಾವು" ಎಂದು ಪಿಸುಗುಟ್ಟಿದ. ವನರಕ್ಷಕರು ಮೆಚ್ಚಿ ತಲೆಯಾಡಿಸಿದರು. ಎಲ್ಲರೂ ಉಸಿರು ಬಿಗಿಹಿಡಿದು ನಿಂತೆವು. ಗಾಳಿಗೆ ಒಣ ಹುಲ್ಲು ಸರಸರ ಎಂದಿತು. ತುಸು ಹೊತ್ತಿನಲ್ಲಿ ಜಾಲಿಯ ಮರೆಯಿಂದ ಐದಾರು ಚುಕ್ಕೆ ಜಿಂಕೆಗಳು ತಲೆಯೆತ್ತಿ ನಮ್ಮನ್ನು ನೋಡಿದವು. ನಾವು ಅವನ್ನು ನೋಡಿದೆವು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾರೂ ಕೂಗಲಿಲ್ಲ. ತರಗತಿಯಲ್ಲಿ ಇಪ್ಪತ್ತು ವರ್ಷ "ಸದ್ದು! ಸದ್ದು!" ಎಂದು ಮೇಜು ಬಡಿದರೂ ಸಿಗದ ಮೌನ ಅಲ್ಲಿ ತಾನಾಗಿಯೇ ಸಿಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಗುಡ್ಡದ ನೆತ್ತಿಯ ಮೇಲಿದ್ದೆವು. ಕೆಳಗೆ ಕೃಷ್ಣಾ ಕಣಿವೆ ಚಾಪೆ ಹಾಸಿದಂತೆ ಹರಡಿತ್ತು. ನದಿ ಬೆಳ್ಳಿಯ ಸರಿಗೆಯಂತೆ ಬಳುಕಿ ಹರಿಯುತ್ತಿತ್ತು. ಇದೇ ನೀರು ಮುಂದೆ ಕರ್ನಾಟಕಕ್ಕೆ ಹೋಗಿ ಆಲಮಟ್ಟಿಯಲ್ಲಿ ನಿಲ್ಲುವುದು. ಇದೇ ನೀರನ್ನು ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಎತ್ತಿ ನಮ್ಮ ತಾಲೂಕಿನ ಕಡೆಗೆ ತಿರುಗಿಸಿರುವುದು. ಇದನ್ನೆಲ್ಲ ಭೂಗೋಲದ ಮಾಸ್ತರರಂತೆ ಕೈಮಾಡಿ ತೋರಿಸುತ್ತಿದ್ದೆವು. ದೂರದಲ್ಲಿ ಸಕ್ಕರೆ ಕಾರಖಾನೆಯ ಹೊಗೆ ಏಳುತ್ತಿತ್ತು.

ಆಗ ಬಸ್ಸಿನಲ್ಲಿ ಗಾಡಿಗಳನ್ನು ಎಣಿಸುತ್ತಿದ್ದ ಆ ಹುಡುಗಿ ಹತ್ತಿರ ಬಂದು, ಬಹಳ ಮೆಲ್ಲಗೆ, "ಸರ್, ನಮ್ಮ ಅವ್ವ ಅಪ್ಪ ಇಲ್ಲೇ ಎಲ್ಲೋ ಅದಾರ್ರಿ" ಎಂದಳು.

ಪಾಲಕರೆ, ನಮ್ಮ ತಾಲೂಕಿನ ಎಷ್ಟೋ ಮನೆಗಳಿಗೆ ದೀಪಾವಳಿಯ ಆಸುಪಾಸಿನಲ್ಲಿ ಬೀಗ ಬೀಳುತ್ತದೆ. ಕಬ್ಬು ಕಡಿಯುವ ಟೋಳಿಗಳ ಜೊತೆ ಹೋದವರು ಮರಳುವುದು ಯುಗಾದಿಯ ಹೊತ್ತಿಗೆ. ಇದು ನಿಮಗೆ ನಾವು ಹೇಳಬೇಕಾದ ಸಂಗತಿಯಲ್ಲ. ಈ ಹುಡುಗಿ ಅಜ್ಜಿಯ ಬಳಿ ಉಳಿದು ಶಾಲೆಗೆ ಬರುತ್ತಿದ್ದಳು. ನವೆಂಬರದಲ್ಲಿ ಹದಿನೈದು ದಿನ ಗೈರುಹಾಜರಾಗಿದ್ದಳು. ಮರಳಿ ಬಂದಾಗ ನಾವು ಎಲ್ಲರೆದುರು, "ಏನಮ್ಮ, ನೀನೂ ಕಬ್ಬು ಕಡಿಯಲು ಹೋಗಿದ್ದೆಯೇನು?" ಎಂದು ಚೇಷ್ಟೆ ಮಾಡಿದ್ದೆವು. ಅವಳು ತಲೆ ತಗ್ಗಿಸಿ ಕುಳಿತಿದ್ದಳು. ಅವಳು ಹೋದದ್ದು ಹೌದೆಂದೂ, ತಾಯಿ ಕಬ್ಬಿನಲ್ಲಿದ್ದಾಗ ಜ್ವರ ಬಂದ ತಮ್ಮನನ್ನು ಗುಡಿಸಲಿನಲ್ಲಿ ನೋಡಿಕೊಂಡಿದ್ದಳೆಂದೂ ಗುಡ್ಡದ ಮೇಲೆ ನಿಂತಾಗ ತಿಳಿಯಿತು. ಆ ಹೊತ್ತು ನಮಗಾದ ನಾಚಿಕೆಯನ್ನು ಇಲ್ಲಿ ಬರೆಯುವುದು ಒಳಿತು. ಏಕೆಂದರೆ ಮಕ್ಕಳಿಂದ ತಪ್ಪೊಪ್ಪಿಗೆ ಬರೆಸಿಕೊಳ್ಳುವ ನಾವು ನಮ್ಮದನ್ನು ಎಲ್ಲಿಯೂ ಬರೆಯುವುದಿಲ್ಲ.

ಅವಳ ಕೈಗೆ ನಮ್ಮ ಫೋನು ಕೊಟ್ಟೆವು. ನಂಬರು ಅವಳಿಗೆ ಬಾಯಿಪಾಠವಿತ್ತು. ಮೂರನೆಯ ಸಲಕ್ಕೆ ತಂದೆಯ ಧ್ವನಿ ಬಂತು. ಫೋನಿನ ಸದ್ದು ಜೋರಾಗಿದ್ದುದರಿಂದ ಮಾತು ನಮಗೂ ಕೇಳಿಸುತ್ತಿತ್ತು.

"ಅಪ್ಪಾ, ನಾ ಸಾಗರೇಶ್ವರ ಗುಡ್ಡದ ಮ್ಯಾಲ ಅದೀನಿ. ಶಾಳಿಯಿಂದ ಬಂದೀವಿ."

"ಗುಡ್ಡದ ಮ್ಯಾಲಾ? ಅಲ್ಲೇನ ಕೆಲಸ?"

"ಏನೂ ಕೆಲಸಿಲ್ಲಪಾ. ಸುಮ್ನ ನೋಡಾಕ ಬಂದೀವಿ."

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಕಬ್ಬಿನ ರವದಿ ಸರಿದ ಸಪ್ಪಳ, ಯಾರೋ ಯಾರನ್ನೋ ಕರೆದದ್ದು ಕೇಳಿಸಿತು. ಆಮೇಲೆ ಧ್ವನಿ ಬಂತು: "ನೋಡವ್ವಾ. ಚಲೋತ್ನಾಗಿ ನೋಡು."

ಅವಳು ಕಬ್ಬಿನ ಹಸಿರಿನತ್ತ ತಿರುಗಿ ಕೈ ಬೀಸಿದಳು. ಅಷ್ಟು ದೂರದಿಂದ ಯಾರಿಗೂ ಕಾಣುವಂತಿರಲಿಲ್ಲ. ಆದರೂ ಬೀಸಿದಳು. ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಅವಳ ಪಕ್ಕದಲ್ಲಿ ನಿಂತು ಕೈ ಬೀಸಿದರು. ಅವರಲ್ಲಿ ಯಾರ ಯಾರ ಮನೆಗೆ ಬೀಗ ಬಿದ್ದಿದೆ ಎಂದು ನಾವು ಆ ದಿನದವರೆಗೂ ಕೇಳಿರಲಿಲ್ಲ.

ಬುತ್ತಿ ಬಿಚ್ಚಿ ಉಂಡೆವು. ಒಂದು ಕಾಗದದ ಚೂರನ್ನೂ ಬಿಡದೆ ಆರಿಸಿಕೊಂಡು ಇಳಿದೆವು. ಊರು ಮುಟ್ಟಿದಾಗ ರಾತ್ರಿಯಾಗಿತ್ತು.

ಮುಂದಿನ ಸೋಮವಾರ ಕುರಿಗಾರರ ಹುಡುಗ ನಮ್ಮ ಬಳಿ ಬಂದು, "ಸರ್, ನಮ್ಮ ಶಾಳಿ ಹಿಂದಿನ ಮರಡಿ ಮ್ಯಾಲ ನಾವೂ ಗಿಡ ಹಚ್ಚೂಣ್ರಿ. ಆದರ ಸುತ್ತೆಲ್ಲ ಬೇಲಿ ಬ್ಯಾಡ್ರಿ, ಕುರಿಗೆ ಒಂದ ಕಡೆ ದಾರಿ ಬಿಡೂಣ್ರಿ" ಎಂದ. ಊರ ಹಿರಿಯರನ್ನು ಕೇಳಿ, ಕುರಿಗಾರರನ್ನೇ ಕೂಡಿಸಿ, ಮರಡಿಯ ಒಂದು ಮಗ್ಗುಲನ್ನು ಗಿಡಕ್ಕೆ, ಇನ್ನೊಂದನ್ನು ಮೇವಿಗೆ ಎಂದು ಮಾತಾಯಿತು. ಮೃಗಶಿರಾ ಮಳೆಗೆ ಬೇವು, ಹುಣಿಸೆ, ಹೊಂಗೆಯ ಸಸಿಗಳನ್ನು ನೆಟ್ಟೆವು. ಅರ್ಧದಷ್ಟು ಒಣಗಿದವು, ಅರ್ಧದಷ್ಟು ಉಳಿದಿವೆ. ಒಣಗಿದ ಕಡೆ ಮತ್ತೆ ನೆಡುವುದು ಈಗಿನ ಒಂಬತ್ತನೆಯ ಇಯತ್ತೆಯ ಪಾಲಿನ ಕೆಲಸ.

ಯುಗಾದಿ ಕಳೆದ ಮೇಲೆ ಆ ಹುಡುಗಿಯ ತಂದೆ ಶಾಲೆಗೆ ಬಂದಿದ್ದರು. ಬಿಸಿಲಿಗೆ ಕಪ್ಪಾದ ಮುಖ, ಕಬ್ಬಿನ ಗರಿ ಗೀರಿದ ಕೈಗಳು. ಕುರ್ಚಿ ತೋರಿಸಿದರೂ ಕೂಡಲಿಲ್ಲ. ಮಗಳ ಓದಿನ ಬಗ್ಗೆ ಎರಡು ಮಾತು ಕೇಳಿ ಹೊರಟವರು ಬಾಗಿಲಲ್ಲಿ ನಿಂತು ಹೇಳಿದರು: "ಆ ಗುಡ್ಡ ದಿನಾ ಕಾಣತಿತ್ರಿ ಸರ್. ನಾಕ ವರ್ಷ ಆತು ಅದರ ಬುಡಕ ಕಬ್ಬ ಕಡಿತೀವಿ. ಒಂದ ದಿನಾನೂ ಏರಿಲ್ಲ ನೋಡ್ರಿ. ನಮ್ಮ ಹುಡುಗಿ ಏರಿ ಬಂದಳು."

ಆ ಮಾತಿನಲ್ಲಿ ದುಃಖವಿತ್ತೋ ಹೆಮ್ಮೆಯಿತ್ತೋ ತಿಳಿಯದು, ಎರಡೂ ಇದ್ದಿರಬೇಕು. "ಕೆಲಸಿಲ್ಲದ ಗುಡ್ಡ ಯಾಕ ಏರೂದು?" ಎಂದು ಕೇಳಿದ ಹುಡುಗನಿಗೆ ನಾವು ಕೊಡಲಾರದ ಉತ್ತರವನ್ನು ಅವರು ಕೊಟ್ಟು ಹೋದರು. ಕೆಲಸವಿಲ್ಲದ ಒಂದು ದಿನ, ಏರಲು ಒಂದು ಗುಡ್ಡ, ಗುಡ್ಡದ ಮೇಲೆ ಒಂದು ಗಿಡದ ನೆರಳು: ಇವು ಮೈಸೂರು ಮುಂಬಯಿಯವರಿಗೆ ಎಷ್ಟು ಬೇಕೋ ನಮ್ಮ ಮಕ್ಕಳಿಗೂ ಅಷ್ಟೇ ಬೇಕು. ಅವನ್ನು ಕಾಯ್ದಿಡುವವರ ಕಷ್ಟವನ್ನೂ, ಅದಕ್ಕಾಗಿ ಬಿಟ್ಟುಕೊಟ್ಟವರ ನಷ್ಟವನ್ನೂ ಅರಿತು ಏರಿದರೆ ಆ ಏರಿಕೆ ಸಾರ್ಥಕ.

ಪಾಲಕರೆ, ನಮ್ಮದೊಂದು ವಿನಂತಿ. ಸುಗ್ಗಿ ಮುಗಿದು ಊರಿಗೆ ಮರಳಿದ ಮೇಲೆ ಒಂದು ರವಿವಾರ ಸಂಜೆ ಮಕ್ಕಳ ಕೈ ಹಿಡಿದು ಶಾಲೆಯ ಹಿಂದಿನ ಮರಡಿಯನ್ನು ಏರಿ ಬನ್ನಿರಿ. ಅದಕ್ಕೆ ಬಸ್ಸು ಬೇಡ, ಟಿಕೇಟು ಬೇಡ. ಬರುವಾಗ ಒಂದು ಕೊಡ ನೀರು ತಂದರೆ ಸಾಕು. ಅಲ್ಲಿ ಕೆಲವು ಸಸಿಗಳು ಇನ್ನೂ ಚಿಕ್ಕವಿವೆ.